ಪೆಡಲ್ ಹಾಕಿದ ದಿನ

ಶುಕ್ರವಾರ, ಸಂಜೆ

ಬುಗುರಿಯ ಅಪ್ಪನಿಗೆ,

ಒಕ್ಕಣೆ ಏನು ಹಾಕಬೇಕೆಂದು ತಿಳಿಯದೆ ಪೆನ್ನು ಹಿಡಿದು ತುಂಬ ಹೊತ್ತು ಕೂತಿದ್ದೆ. 'ಪ್ರೀತಿಯ' ಎಂದರೆ ಸುಳ್ಳಾದೀತು, 'ಶ್ರೀಯುತ' ಎಂದರೆ ನಿಮಗೆ ನಗು ಬಂದೀತು. ನಮ್ಮಿಬ್ಬರ ನಡುವೆ ತಕರಾರಿಲ್ಲದೆ ಉಳಿದಿರುವ ಸಂಬಂಧ ಇದೊಂದೇ, ಅದನ್ನೇ ಬರೆದಿದ್ದೇನೆ.

ಮಗಳ ಚೀಲದ ಮುಂದಿನ ಜೇಬಿನಿಂದ ಇದನ್ನು ತೆಗೆಯುವಾಗ ಎಂದಿನ ಚೀಟಿ ಅಂದುಕೊಂಡಿರುತ್ತೀರಿ. ಕೆಮ್ಮಿದೆ, ಸಿರಪ್ ಎರಡು ಹೊತ್ತು. ಉಗುರು ಕತ್ತರಿಸಲು ಬಿಡಲಿಲ್ಲ, ನೀವು ಪ್ರಯತ್ನಿಸಿ. ಬೇರೆಯಾದಾಗಿನಿಂದ ನಮ್ಮ ಸಂಸಾರವೆಲ್ಲ ಆ ಜೇಬಿನಲ್ಲೇ ನಡೆದಿದೆ. ಫೋನಿನಲ್ಲಿ ಮೂರನೇ ಮಾತಿಗೆ ದನಿ ಏರುತ್ತದೆಂದು ನಾವೇ ಮಾಡಿಕೊಂಡ ಏರ್ಪಾಡು. ಈ ಸಲದ ಮಾತು ಚೀಟಿಯಲ್ಲಿ ಹಿಡಿಸುವಂಥದ್ದಲ್ಲ.

ಸೈಕಲ್ಲಿನ ವಿಷಯ. ಆ ಪುಟ್ಟ ಸೈಕಲ್ ತಂದ ದಿನ ಅದರ ಪೆಡಲ್ ಎರಡನ್ನೂ ಬಿಚ್ಚಿ ಅಡುಗೆಮನೆಯ ಡ್ರಾಯರಿಗೆ ಹಾಕಿದವಳು ನಾನು. ನೀವು ಹಿಂದಿನ ಚಕ್ರಕ್ಕೆ ಎರಡು ಪುಟ್ಟ ಸೈಡ್ ಚಕ್ರ ಹಾಕಿಸೋಣ ಅಂದಿರಿ. ಸೈಡ್ ಚಕ್ರಕ್ಕೆ ಒರಗಿ ಕೂತ ಮಗು ತುಳಿಯುವುದನ್ನು ಕಲಿಯುತ್ತದೆ, ತೂಗಿಸಿಕೊಳ್ಳುವುದನ್ನು ಕಲಿಯುವುದಿಲ್ಲ ಎಂದು ನಾನು ವಾದ ಮಾಡಿದೆ. "ಕುದುರೆ ಇಲ್ಲದ ಜಟಕಾ ಓಡಿಸ್ತಾಳಂತೆ ನನ್ನ ಮಗಳು" ಎಂದು ನೀವು ಊರಿಗೆಲ್ಲ ಹೇಳಿಕೊಂಡು ನಕ್ಕಿರಿ. ಅವಳು ಮೊದಲು ಸೈಕಲ್ಲನ್ನು ಕಾಲ ಸಂದಿಯಲ್ಲಿಟ್ಟುಕೊಂಡು ನಡೆದಳು. ಆಮೇಲೆ ನೆಲ ಒದ್ದು ಓಡಿದಳು. ಒಂದು ದಿನ ಇಳಿಜಾರಿನಲ್ಲಿ ಎರಡೂ ಕಾಲೆತ್ತಿ ತೇಲಿಬಂದಳು. ಈಗ ಗೇಟಿನ ಹತ್ತಿರ ತಿರುವೂ ತೆಗೆದುಕೊಳ್ಳುತ್ತಾಳೆ. ಇಷ್ಟಾದ ಮೇಲೆ ಪೆಡಲ್ ಹಾಕಿದರೆ ಮಕ್ಕಳು ಹೊರಟೇಬಿಡುತ್ತಾರೆ. ನಾನು ಕೇಳಿದ ಎಲ್ಲ ಮಕ್ಕಳ ಕಥೆಯೂ ಹಾಗೇ ಇದೆ.

ಪೆಡಲ್ ಹಾಕುವ ದಿನ ಇಬ್ಬರೂ ಇರಬೇಕು ಎಂದು ಮಾತಾಗಿತ್ತಲ್ಲ, ಆ ಮಾತು ಆಡಿದವರು ನೀವೇ. ಅವಳು ಮೊದಲ ಸಲ ತನ್ನ ಹೆಸರು ಬರೆದದ್ದು ನಿಮ್ಮ ಮನೆಯಲ್ಲಿ. ನೀವು ಕಳಿಸಿದ ಅದರ ಫೋಟೊ ನೋಡಿ ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತಿದ್ದೆ ಎಂದು ತಿಳಿದ ಮೇಲೆ ಆಡಿದ ಮಾತು. ಹೋದ ಭಾನುವಾರ ಇಬ್ಬರೂ ಇದ್ದೆವು. ಆದದ್ದನ್ನು ನೀವೂ ನೋಡಿದಿರಿ.

ಅಂದಿನಿಂದ ದಿನಾ ಸಂಜೆ ಕಟ್ಟಡದ ಹಿಂದಿನ ಮೈದಾನಕ್ಕೆ ಹೋಗುತ್ತಿದ್ದೇವೆ. ದಿನಾ ಬೀಳುತ್ತಾಳೆ. ನಾಲ್ಕು ಸಲ ತುಳಿದಳೋ ಇಲ್ಲವೋ, ದೊಪ್ಪೆಂದು ಬಿದ್ದಿರುತ್ತಾಳೆ. ಅದೂ ಸಿಮೆಂಟಿನ ದಾರಿಯ ಮೇಲಲ್ಲ, ಹುಲ್ಲಿನ ಕಡೆಗೇ. ಬೀಳುವ ಮೊದಲು ಹುಲ್ಲಿನತ್ತ ತಿರುಗಿ ನೋಡುತ್ತಾಳೆ. ಬಿದ್ದು ಸೊಂಟ ಮುರಿದುಕೊಂಡ ಅಜ್ಜ-ಅಜ್ಜಿಯರಿಗೆ ಮತ್ತೆ ನಡೆಯಲು ಕಲಿಸುವುದು ನನ್ನ ಕೆಲಸ. ಹೆದರಿದವರು ಹೇಗೆ ಬೀಳುತ್ತಾರೆಂದು ನನಗೆ ಗೊತ್ತು. ಮೈ ಮರಗಟ್ಟುತ್ತದೆ, ಕಣ್ಣು ಪಾದ ಬಿಟ್ಟು ಕದಲುವುದಿಲ್ಲ. ಇವಳಿಗೆ ಅಂಥ ಹೆದರಿಕೆ ಏನೂ ಇಲ್ಲ. ನಿನ್ನೆ ಮಾತ್ರ ಅಳತೆ ತಪ್ಪಿ ದಾರಿಯ ಅಂಚಿಗೆ ಬಿದ್ದು ಮೊಣಕೈ ತರಚಿಕೊಂಡಳು. ಅಷ್ಟು ನೋವಾದರೂ ಅಳದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಯಾಕೋ ತಿಳಿಯುತ್ತಿಲ್ಲ.

"ಅದಕ್ಕೇ ಹೇಳಿದ್ದು ಸೈಡ್ ಚಕ್ರ ಹಾಕ್ಸಿ ಅಂತ" ಎಂದು ಪಕ್ಕದ ಮನೆಯಾಕೆ ಬಾಲ್ಕನಿಯಿಂದಲೇ ತೀರ್ಪು ಕೊಟ್ಟಳು. ಇಡೀ ಕಟ್ಟಡಕ್ಕೆ ಪಾಠ ಹೇಳಿದವಳು ನಾನಲ್ಲವೇ, ತಲೆ ತಗ್ಗಿಸಿಕೊಂಡು ಒಳಗೆ ಬಂದೆ. ನಾನು ಆತುರಪಟ್ಟೆನೇ? ಅಲ್ಲಿ, ನಿಮ್ಮ ಮನೆಯಲ್ಲಿ, ಏನಾದರೂ ನಡೆಯಿತೇ? ನಡೆದಿದ್ದರೆ ತಿಳಿಸಿ.

ಇನ್ನೊಂದು ವಿಷಯ. ಶಾಲೆಯ ರಜೆ ಪೂರ್ತಿ ನಿಮ್ಮ ಜೊತೆ ಇರುತ್ತೇನೆ ಎಂದು ಅವಳು ಹಟ ಹಿಡಿದಿದ್ದಾಳೆ. ಮುಕ್ಕಾಲು ಪಾಲು ಒಪ್ಪಿದ್ದೇನೆ.

ಇಂತಿ,
ಬುಗುರಿಯ ಅಮ್ಮ

ಮರೆತೆ: ಮೊಣಕೈಯ ಪಟ್ಟಿ ಸ್ನಾನವಾದ ಮೇಲೆ ಬದಲಿಸಿ. ಕಥೆ ಹೇಳುತ್ತ ತೆಗೆದರೆ ಗೊತ್ತಾಗುವುದಿಲ್ಲ. ಎಡಗಾಲಿನ ಮುಂದೆ, ಮೊಣಕಾಲ ಕೆಳಗಿನ ಗೀರು ಹಳೆಯದು. ಅದು ಒಣಗಿದೆ, ಅದಕ್ಕೇನೂ ಹಚ್ಚಬೇಡಿ.

✦

ಭಾನುವಾರ, ಮಧ್ಯಾಹ್ನ

ಬುಗುರಿಯ ಅಮ್ಮನಿಗೆ,

ನೀನು ಬರೆದ ಒಕ್ಕಣೆಯನ್ನೇ ನಾನೂ ಎರವಲು ಪಡೆದಿದ್ದೇನೆ. ಇದಕ್ಕಾದರೂ ನಾನು ಯೋಗ್ಯನೋ ಎಂಬುದನ್ನು ಪತ್ರ ಓದಿ ನೀನೇ ಹೇಳು.

ನಿನ್ನ ಪತ್ರವನ್ನು ನಿನ್ನೆ ಬೆಳಿಗ್ಗೆಯೇ ಓದಿದೆ. ನೀನು ಕೇಳಿದ್ದಕ್ಕೆ ಉತ್ತರ ಆಗಲೇ ನನ್ನ ಬಳಿ ಇತ್ತು. ಆದರೂ ನಿನ್ನೆಯಿಡೀ ಸಿಂಕು ಉಜ್ಜಿದೆ, ಫ್ಯಾನು ಒರೆಸಿದೆ, ಸರಿಯಿದ್ದ ನಲ್ಲಿಯನ್ನೂ ಬಿಚ್ಚಿ ಜೋಡಿಸಿದೆ. ಕೊನೆಗೆ ಒಂದು ಪತ್ರ ಬರೆದೆ. 'ಭಯ ಇರಬೇಕು, ನಾಲ್ಕು ದಿನದಲ್ಲಿ ಸರಿಹೋಗುತ್ತದೆ' ಎಂದು ಅದರಲ್ಲಿತ್ತು. ಮಡಿಸಿ ಅವಳ ಚೀಲದ ಜೇಬಿಗೂ ಹಾಕಿದ್ದೆ. ಈಗ ಮಗಳು ಊಟ ಮಾಡಿ ಮಲಗಿದ್ದಾಳೆ. ಪಟ್ಟಿ ಕಟ್ಟಿದ ಮೊಣಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಮಲಗಿದ್ದನ್ನು ನೋಡಿ ಆ ಪತ್ರವನ್ನು ಹರಿದುಹಾಕಿದೆ.

ನೀನು ಆತುರಪಡಲಿಲ್ಲ. ನಿನ್ನ ಪಾಠದಲ್ಲಿ ತಪ್ಪಿಲ್ಲ. ಬುಗುರಿಗೆ ಪೆಡಲ್ ತುಳಿಯಲು ಬರುತ್ತದೆ. ನಾವಿಬ್ಬರೂ ಮೈದಾನದಲ್ಲಿ ನಿಂತದ್ದಕ್ಕೆ ಒಂದು ವಾರ ಮೊದಲೇ ಬಂತು. ನನ್ನ ಮುಂದೆ ಬಂತು, ಇಲ್ಲಿ, ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ. ಆ ಸಲ ಸೈಕಲ್ಲೂ ಅವಳ ಜೊತೆ ಬಂದಿತ್ತಲ್ಲ.

ಅವಳು ಹಟ ಮಾಡಿದಳು, ಅದಕ್ಕೆ ಹಾಕಿಕೊಟ್ಟೆ ಎಂದು ಬರೆಯಲು ಕೈ ಓಡುತ್ತಿದೆ. ಅದು ನಿಜವಲ್ಲ. ಅವಳು ಕೇಳಲೇ ಇಲ್ಲ. ಸೈಕಲ್ ಅಂಗಡಿಯಿಂದ ಪೆಡಲ್ ಜೋಡಿ ತಂದವನೂ ನಾನು, "ಹಾಕಿ ನೋಡೋಣ್ವಾ" ಅಂದವನೂ ನಾನು. ಅವಳು ಕಂಬಗಳ ನಡುವೆ ಕಾಲೆತ್ತಿಕೊಂಡು ತೇಲುವುದನ್ನು ಕಂಡು ತಡೆಯಲಾಗಲಿಲ್ಲ. ಎಡಗಡೆಯ ಪೆಡಲಿನ ತಿರುಪು ಉಲ್ಟಾ ಇರುತ್ತದೆಂದು ನಿನಗೂ ಗೊತ್ತು. ದಿನವೆಲ್ಲ ಲಿಫ್ಟಿನ ಯಂತ್ರ ಬಿಚ್ಚಿ ಜೋಡಿಸುವ ನಾನು ಅದನ್ನು ತಪ್ಪು ಕಡೆಗೆ ತಿರುಗಿಸುತ್ತ ಕೂತಿದ್ದೆ. ಕೈಗೆ ಅಷ್ಟು ಅವಸರ.

ಮೊದಲ ಸಲ ಕಾಲು ಜಾರಿತು, ಪೆಡಲ್ ಕಾಲಿಗೆ ಬಡಿಯಿತು. ಅಳಲಿಲ್ಲ. ಎರಡನೇ ಸಲ ಕೂತಳು, ಹೊರಟಳು. ನಾನು ಪಕ್ಕದಲ್ಲಿ ಓಡಬೇಕೆಂದು ಪಂಚೆ ಎತ್ತಿ ಕಟ್ಟಿದ್ದೇ ಬಂತು. ಆ ತುದಿಯ ಕಂಬ ಸುತ್ತಿ ಬಂದು ನನ್ನ ಮುಂದೆ ನಿಂತು "ಇಷ್ಟೇನಾ?" ಅಂದಳು.

ಅವಳಿಗೆ ಅದು ಇಷ್ಟೇ. ಯಾಕೆಂದರೆ ಒಂದೂವರೆ ವರ್ಷ ನೀನು ಅವಳ ಹಿಂದೆ ನಡೆದಿದ್ದೆ. ಬೀದಿಯವರು ನಕ್ಕಾಗ ನೀನು ಸೋಲಲಿಲ್ಲ, ನಾನು ನಕ್ಕಾಗಲೂ ಸೋಲಲಿಲ್ಲ. ಹೆಪ್ಪು ಹಾಕಿದವಳು ನೀನು, ಕಡೆದವಳು ನೀನು, ಬೆಣ್ಣೆ ತಿಂದವನು ನಾನು. ಅವಳನ್ನು ಎತ್ತಿಕೊಂಡು ಕುಣಿದೆ. ಕುಣಿಯುತ್ತಿರುವಾಗಲೇ ನಿನ್ನ ಮುಖ ನೆನಪಾಯಿತು.

ಆಗಲೇ ಫೋನ್ ಮಾಡಬಹುದಿತ್ತು. ನೀನು ಬೈಯುತ್ತಿದ್ದೆ, ಅತ್ತು ಸುಮ್ಮನಾಗುತ್ತಿದ್ದೆ. ನಾನು ಪೆಡಲ್ ಬಿಚ್ಚಿ ಸ್ಪ್ಯಾನರಿನ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಬುಗುರಿಗೆ ಇದೊಂದು ಆಟ ಅಂದೆ. ಅಮ್ಮನ ಮುಂದೆ ಪೆಡಲ್ ಹಾಕುವ ದಿನ ನೀನು ಒಂದೆರಡು ಸಲ ಬಿದ್ದುಬಿಡು, ಆಮೇಲೆ ಹೊರಡು, ಅಮ್ಮನಿಗೆ ಎಷ್ಟು ಖುಷಿಯಾಗುತ್ತೆ ನೋಡು ಅಂದೆ. ಹುಲ್ಲಿನ ಕಡೆ ಬಿದ್ದರೆ ನೋವಾಗಲ್ಲ ಅಂದೆ. ಬಾಯಲ್ಲಿ ಹೇಳಿದ್ದಷ್ಟೇ ಅಲ್ಲ, ಹಾಸಿಗೆ ಹಾಸಿ ಅಭ್ಯಾಸವನ್ನೂ ಮಾಡಿಸಿದೆ. ಹಗ್ಗ ಕಡಿದರೂ ಲಿಫ್ಟು ಬೀಳದಂತೆ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಮಗಳಿಗೆ ಕಲಿಸಿದ್ದು ಇದನ್ನು.

ನಿನ್ನ ದಿನ ಬಂತು. ಪೆಡಲ್‌ಗಳನ್ನು ನೀನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. "ಹಾಕಿ, ಇದು ನಿಮ್ಮ ಕೆಲಸ" ಎಂದು ನನ್ನ ಕೈಗೆ ಕೊಟ್ಟೆ. ಎಡಗಡೆಯದನ್ನು ನಾನು ಮತ್ತೆ ತಪ್ಪು ಕಡೆಗೆ ತಿರುಗಿಸಿದೆ. ಈ ಸಲ ಬೇಕೆಂದೇ ತಿರುಗಿಸಿದೆ, ಮೊದಲ ಸಲ ಹಾಕುವವನ ಹಾಗೆ ಕಾಣಲಿ ಎಂದು. "ದೊಡ್ಡ ಮೆಕ್ಯಾನಿಕ್ ನೀವು" ಎಂದು ನೀನು ನಕ್ಕೆ.

ಸೀಟು ಹಿಡಿಯಬಾರದು, ಆ ಕಡೆ ಒಬ್ಬರು ಈ ಕಡೆ ಒಬ್ಬರು ಓಡಬೇಕು ಅಷ್ಟೇ ಎಂದು ನೀನು ನಿಯಮ ಹೇಳಿದೆ. ಓಡಿದೆವು. ಅವಳು ಹುಲ್ಲು ನೋಡಿಕೊಂಡು ಬಿದ್ದಳು. ಬಿದ್ದವಳು ನಿನ್ನ ಹೆಗಲ ಮೇಲಿನಿಂದ ನನ್ನ ಕಡೆ ನೋಡಿದಳು, ಸರಿಯಾಯ್ತಾ ಎಂದು ಕೇಳುವ ಹಾಗೆ. ನಾನು ನಿನ್ನ ಬೆನ್ನ ಹಿಂದೆ ಹೆಬ್ಬೆರಳು ಎತ್ತಿ ತೋರಿಸಿದೆ. ಆ ಹೆಬ್ಬೆರಳನ್ನು ಈ ವಾರವೆಲ್ಲ ನನಗೆ ನೋಡಲು ಆಗಿಲ್ಲ.

ಎರಡು ಸಲ ಬಿದ್ದು ಹೊರಡುತ್ತಾಳೆ ಎಂದುಕೊಂಡಿದ್ದೆ. ಮೂರನೇ ಸಲವೂ ಬಿದ್ದಳು, ನಾಲ್ಕನೇ ಸಲವೂ ಬಿದ್ದಳು. ಬಾಯಿ ಬಿಡಬೇಕಾದ ಹೊತ್ತು ಅದು. ನಿನ್ನ ಕೂದಲು ಬಿಚ್ಚಿಕೊಂಡಿತ್ತು, ಏದುಸಿರು ಬಿಡುತ್ತಿದ್ದೆ, ಆದರೂ ನಗುತ್ತಿದ್ದೆ. ಬೆಂಚಿನ ಮೇಲೆ ಮೂವರೂ ಕೂತು ಒಂದೇ ಬಾಟಲಿಯಲ್ಲಿ ನೀರು ಕುಡಿದೆವು. "ಇನ್ನೊಂದು ವಾರ ಬೇಕಾಗಬಹುದು, ಬರ್ತೀರಾ?" ಅಂದೆ ನೀನು. ನನಗೆ ಸಂತೋಷವಾಯಿತು. ನಾಚಿಕೆಯಾಗಬೇಕಿದ್ದ ಜಾಗದಲ್ಲಿ ಸಂತೋಷವಾಯಿತು. ಇವಳು ಬೀಳುತ್ತಿರುವಷ್ಟು ದಿನ ಇನ್ನೊಂದು ಭಾನುವಾರ ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಗಾದೆ ಹೇಳುತ್ತಾರೆ. ನನ್ನ ಮಗಳು ನಮ್ಮ ಜಗಳದಲ್ಲಿ ಬಡವಾಗಲಿಲ್ಲ, ನಾವು ನಗುತ್ತ ಕೂತದ್ದಕ್ಕೆ ಮೊಣಕೈ ತರಚಿಕೊಂಡಳು.

ನೀನು ಮನೆ ಬಿಟ್ಟು ಹೊರಡುವಾಗ ಆಡಿದ ಮಾತೊಂದಿದೆ. "ಜಗಳ ಆಗಬಾರದು ಅಂತ ಮುಚ್ಚಿಡ್ತೀರಿ, ಮುಚ್ಚಿಟ್ಟಿದ್ದಕ್ಕೇ ಜಗಳ ಆಗುತ್ತೆ." ಆಗ ಅದು ನಿನ್ನ ಚಾಳಿಯ ಮಾತು ಅನ್ನಿಸಿತ್ತು. ನನ್ನ ಚಾಳಿಯನ್ನೇ ಅಷ್ಟು ಚಿಕ್ಕದಾಗಿ ಹೇಳಿದ್ದೆ ನೀನು. ಈಗ ಆ ಚಾಳಿಯನ್ನು ನಾಲ್ಕೂವರೆ ವರ್ಷದ ಮಗುವಿಗೂ ದಾಟಿಸಿದ್ದೇನೆ.

ಆಟ ಮುಗೀತು, ಇನ್ನು ಬೀಳೋದು ಬೇಡ ಎಂದು ನಿನ್ನೆಯೂ ಹೇಳಿದೆ, ಇಂದು ಬೆಳಿಗ್ಗೆಯೂ ಹೇಳಿದೆ. ಅವಳು ಒಪ್ಪುತ್ತಿಲ್ಲ.

ರಜೆಯ ವಿಷಯ ನಿನ್ನ ಇಷ್ಟ. ಕಳಿಸದಿದ್ದರೆ ಯಾಕೆ ಎಂದು ಕೇಳುವ ಮುಖ ನನಗಿಲ್ಲ.

ತಲೆ ತಗ್ಗಿಸಿರುವ,
ಬುಗುರಿಯ ಅಪ್ಪ

ಅವಳು ಒಪ್ಪುತ್ತಿಲ್ಲ ಎಂದು ಬರೆದು, ಯಾಕೆ ಎಂಬುದನ್ನು ಬಿಟ್ಟು ಸಹಿ ಹಾಕಿದೆ. ನೋಡು, ಪತ್ರದಲ್ಲೂ ಅದೇ ಚಾಳಿ. ಆ ದಿನ ಪಾರ್ಕಿಂಗಿನಲ್ಲಿ ಅವಳು "ಅಮ್ಮಂಗೆ ಈಗಲೇ ಹೇಳೋಣ" ಎಂದು ಫೋನಿಗೆ ಕೈ ಹಾಕಿದಳು. ಕಸಿದುಕೊಂಡು, "ಅಮ್ಮಂಗೆ ಗೊತ್ತಾದ್ರೆ ನಿನ್ನನ್ನ ಇಲ್ಲಿಗೆ ಕಳಿಸೋದೇ ಇಲ್ಲ" ಅಂದೆ. ಅವಳು ಆಟಕ್ಕೆ ಬೀಳುತ್ತಿಲ್ಲ. ನನ್ನ ಮನೆಗೆ ಬರುವುದು ತಪ್ಪಬಾರದೆಂದು ಬೀಳುತ್ತಿದ್ದಾಳೆ. ಇನ್ನು ನನ್ನ ಮಾತು ನಂಬುವುದಿಲ್ಲ. ನೀನೇ ಹೇಳಬೇಕು.

✦

ಶುಕ್ರವಾರ, ಬೆಳಿಗ್ಗೆ

ಬುಗುರಿಯ ಅಪ್ಪನಿಗೆ,

ಒಕ್ಕಣೆ ಬದಲಿಸಿಲ್ಲ. ಅದಕ್ಕೆ ನೀವು ಯೋಗ್ಯರೋ ಅಲ್ಲವೋ ಎಂದು ತೀರ್ಮಾನಿಸುವವಳು ನಾನಲ್ಲ, ಅವಳು. ಅವಳ ತೀರ್ಮಾನ ಆಗಿಹೋಗಿದೆ, ನಾಳೆ ನಿಮ್ಮ ಮನೆಗೆ ಬರಲು ಚೀಲವನ್ನು ತಾನೇ ತುಂಬಿಕೊಂಡಿದ್ದಾಳೆ.

ನಿಮ್ಮ ಪತ್ರವನ್ನು ಮೆಟ್ಟಿಲ ಮೇಲೆ ನಿಂತೇ ಓದಿದೆ. ಭಾನುವಾರ ಸಂಜೆ ಅವಳನ್ನು ಬಿಟ್ಟು ಹೊರಟ ನೀವು, ನಾನು ಮೊದಲ ಪುಟ ಓದುವಾಗ ಇನ್ನೂ ಗೇಟು ದಾಟಿರಲಿಲ್ಲ, ಕೂಗಿ ಕರೆಯಬಹುದಿತ್ತು. ಕರೆದಿದ್ದರೆ ಮೂರು ಮನೆಗೆ ಕೇಳುವ ಹಾಗೆ ಬೈಯುತ್ತಿದ್ದೆ. ಕೊನೆಯಲ್ಲಿ, ಸಹಿಯ ಕೆಳಗೆ ಬರೆದದ್ದನ್ನು ಓದಿದ ಮೇಲೆ ಬೈಗುಳವೂ ಉಳಿಯಲಿಲ್ಲ. ಸೋಮವಾರ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ನಡೆಯುತ್ತಿದ್ದ ಅಜ್ಜಿಯೇ "ನೀನೇ ಹೆಜ್ಜೆ ತಪ್ತಿದ್ದೀಯಲ್ಲಮ್ಮ, ಕೂತ್ಕೋ" ಅಂದರು.

ಅಂದು ಸಂಜೆ ಮೈದಾನದ ಅಂಚಿನಲ್ಲಿ ಅವಳನ್ನು ಕೂರಿಸಿಕೊಂಡೆ. ಅಪ್ಪ ನನಗೆಲ್ಲ ಹೇಳಿದ್ದಾರೆ, ನನಗೆ ಕೋಪ ಇಲ್ಲ, ಅಪ್ಪನ ಮನೆಗೆ ಯಾವತ್ತೂ ಕಳಿಸ್ತೀನಿ, ರಜೆಗೂ ಕಳಿಸ್ತೀನಿ ಅಂದೆ. ಅವಳು ಹುಲ್ಲು ಕೀಳುತ್ತ ಕೇಳಿಸಿಕೊಂಡಳು. ಆಮೇಲೆ ನನ್ನ ಮುಖ ನೋಡದೆ ಕೇಳಿದಳು: "ಬೀಳದೇ ಇದ್ರೂನಾ?"

ಹೌದೆಂದು ತಲೆಯಾಡಿಸಿದೆ. ಅವಳು ಎದ್ದು ಸೈಕಲ್ ಹತ್ತಿದಳು. ರೂಢಿಯಂತೆ ಒಮ್ಮೆ ಹುಲ್ಲಿನ ಕಡೆ ನೋಡಿದಳು. ಆಮೇಲೆ ಹೋದಳು. ನೀರಿನ ಟ್ಯಾಂಕು ಸುತ್ತಿ, ಗೇಟಿನ ತನಕ ಹೋಗಿ, ತಿರುಗಿ, ಮತ್ತೆ ಹೋದಳು. ಹಿಂದಿರುಗಿ ನನ್ನ ಕಡೆ ನೋಡಲೂ ಇಲ್ಲ. ನೋಡಬಾರದು, ಅದೇ ಸರಿಯಾದ ಸವಾರಿ. ಕೈಯಲ್ಲಿ ಫೋನಿತ್ತು, ನಿಮಗೆ ಫೋಟೊ ಕಳಿಸಲಿಲ್ಲ. ಯಾವುದು ಮೊದಲನೆಯದು, ಯಾರ ಮನೆಯಲ್ಲಿ ಆಯಿತು ಎಂಬ ಲೆಕ್ಕವನ್ನು ಇನ್ನು ಬಿಟ್ಟುಬಿಡೋಣ. ಆ ಲೆಕ್ಕ ಶುರು ಮಾಡಿದ್ದು ಬಚ್ಚಲಲ್ಲಿ ಕೂತು ಅತ್ತ ನಾನೇ.

ರಜೆ ಪೂರ್ತಿ ನಿಮ್ಮ ಹತ್ತಿರವೇ ಇರಲಿ. ಸೈಕಲ್ಲನ್ನೂ ಕಳಿಸುತ್ತೇನೆ, ಪೆಡಲ್ ಸಮೇತ. ಇದನ್ನು ಕ್ಷಮೆ ಎಂದು ತಿಳಿಯಬೇಡಿ, ಅದಕ್ಕೆ ಇನ್ನೂ ಸಮಯ ಬೇಕು. ಅವಳಿಗೆ ಕೊಟ್ಟ ಮಾತು ಇದು.

ಪಕ್ಕದ ಮನೆಯಾಕೆ ನಿನ್ನೆ ತನ್ನ ಮಗನ ಸೈಕಲ್ ಹಿಡಿದು ಬಂದಿದ್ದಳು. ಸೈಡ್ ಚಕ್ರವನ್ನೂ ಬಿಚ್ಚಿ, ಪೆಡಲನ್ನೂ ಬಿಚ್ಚಿ ಅಂದಳು. ಎಡಗಡೆಯದನ್ನು ನಾನು ಒಂದೇ ಸಲಕ್ಕೆ ಸರಿಯಾದ ಕಡೆಗೆ ತಿರುಗಿಸಿದೆ, ದೊಡ್ಡ ಮೆಕ್ಯಾನಿಕ್ಕರಿಗೆ ತಿಳಿದಿರಲಿ.

ಇಂತಿ,
ಬುಗುರಿಯ ಅಮ್ಮ

ಇದನ್ನು ಬರೆಯದೆ ಚೀಲದ ಜಿಪ್ಪು ಹಾಕಲು ಕೈ ಬರುತ್ತಿಲ್ಲ. ಹಿಂದಿನ ಪತ್ರದಲ್ಲಿ 'ಯಾಕೋ ತಿಳಿಯುತ್ತಿಲ್ಲ' ಎಂದು ಬರೆದದ್ದು ಸುಳ್ಳು. ಪೆಡಲ್ ಇಲ್ಲದ ಸೈಕಲ್ ಓಡಿಸುವ ಮಗುವಿಗೆ ಮೊಣಕಾಲ ಕೆಳಗೆ ಪೆಡಲಿನ ಅಂಚು ಬಡಿದ ಹಾಗೆ ಹಲ್ಲು ಹಲ್ಲಾಗಿ ಗೀರು ಬೀಳುವುದಿಲ್ಲ. ನೀವು ಪಾರ್ಕಿಂಗಿನಲ್ಲಿ ಪೆಡಲ್ ಹಾಕಿದ ಆ ವಾರ, ಅವಳು ಮನೆಗೆ ಬಂದ ಸಂಜೆ ಸ್ನಾನ ಮಾಡಿಸುವಾಗಲೇ ಆ ಗುರುತು ನೋಡಿದ್ದೆ. ಮೈದಾನದಲ್ಲಿ ಅವಳು ಮೊದಲ ಸಲ ಹುಲ್ಲು ನೋಡಿ ಬಿದ್ದಾಗ ಉಳಿದದ್ದೂ ತಿಳಿಯಿತು. ನಿಮ್ಮ ಬಾಯಿಂದಲೇ ಬರಲಿ ಎಂದು ಕಾದೆ, ಕಾಯುತ್ತ ದಿನಾ ಸಂಜೆ ಅವಳನ್ನು ಬೀಳಿಸಿದೆ, ಮುಲಾಮು ಹಚ್ಚಿದೆ. ನಿಮಗೆ ಪಾಠ ಕಲಿಸಲು ಹಾಗೆ ಮಾಡಿದೆ ಎಂದು ಈ ವಾರವೆಲ್ಲ ನನಗೆ ನಾನೇ ಹೇಳಿಕೊಂಡೆ. ಆದರೆ ಬೆಂಚಿನ ಮೇಲೆ ಕೂತು 'ಇನ್ನೊಂದು ವಾರ ಬೇಕಾಗಬಹುದು' ಅಂದಾಗ ನನ್ನ ತಲೆಯಲ್ಲಿ ಯಾವ ಪಾಠವೂ ಇರಲಿಲ್ಲ. ನೀವು ಆ ಕಡೆ ಓಡುತ್ತಿದ್ದಿರಿ, ನಾನು ಈ ಕಡೆ. ಅದು ಮುಗಿಯುವುದು ನನಗೂ ಬೇಡವಾಗಿತ್ತು.